ಬಟನ್‌ಗಳ ಕೆಳಗೆ ನಂಬುವಂಥ ಪ್ರತಿಬಿಂಬ: ಸಿಎಸ್‌ಎಸ್‌ನಲ್ಲಿ ಹಂತ ಹಂತವಾಗಿ

ಬಟನ್ ಕೆಳಗೆ ಪ್ರತಿಬಿಂಬ ಮೂಡಿಸುವುದು, ವೆಬ್ ಪೇಜ್ ಹೇಗೆ ಕಾಣಬೇಕು ಅಂತ ಹೇಳುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ, ಒಂದೇ ಸಾಲಿನ ಕೆಲಸ. ಆದರೆ ಆ ಸಾಲು ಬರೆದ ಎಷ್ಟೋ ಪೇಜ್‌ಗಳಲ್ಲಿ ಅದು ಪ್ರತಿಬಿಂಬ ಅಂತ ಅನಿಸುವುದೇ ಇಲ್ಲ. ಬಟನ್‌ನ ಮಸುಕು ಕಾಪಿಯೊಂದು ತಲೆಕೆಳಗಾಗಿ ಅಂಟಿಕೊಂಡ ಹಾಗೆ ಕಾಣುತ್ತದೆ. ಬರೆದವರು ಬಟನ್ ಬಗ್ಗೆ ಯೋಚಿಸಿರುತ್ತಾರೆ, ನೆಲದ ಬಗ್ಗೆ ಯೋಚಿಸಿರುವುದಿಲ್ಲ. ಪ್ರತಿಬಿಂಬ ಮೂಡುವುದು ನೆಲದಲ್ಲಿ ಅಲ್ವಾ? ನೆಲ ಎಲ್ಲಿದೆ, ಎಷ್ಟು ನುಣುಪು, ಬಟನ್ ಅದರ ಮೇಲೆ ಕೂತಿದೆಯೋ ತೇಲುತ್ತಿದೆಯೋ ಎಂಬುದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ. ಅಂತರ ಎಷ್ಟಿರಬೇಕು, ಎಷ್ಟು ಮಸುಕಾಗಬೇಕು, ಮೌಸ್ ಇಟ್ಟಾಗ ಏನಾಗಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಅಲ್ಲಿಂದಲೇ ಸಿಗುತ್ತದೆ.

ಈ ಚಾಳಿ ಎಲ್ಲಿಂದ ಬಂತು ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. 2006ರಲ್ಲಿ ಆ್ಯಪಲ್ ತನ್ನ ಐಟ್ಯೂನ್ಸ್‌ಗೆ ಕವರ್ ಫ್ಲೋ ಸೇರಿಸಿತು. ಆಲ್ಬಮ್ ಚಿತ್ರಗಳು ಕಪ್ಪು ನೆಲದ ಮೇಲೆ ಸಾಲಾಗಿ ನಿಂತು, ಕೆಳಗೆ ಮಿನುಗುತ್ತಿದ್ದವು. 2007ರ ಮ್ಯಾಕ್ ಓಎಸ್ ಲೆಪರ್ಡ್‌ನಲ್ಲಿ ಡಾಕ್ (ಆ್ಯಪ್ ಐಕಾನ್‌ಗಳ ಸಾಲು) ಇಡೀ ಗಾಜಿನ ಹಲಗೆಯಾಯಿತು. 2008ರಲ್ಲಿ ಸಫಾರಿ ಬ್ರೌಸರ್‌ನ ಎಂಜಿನ್ ಆದ ವೆಬ್‌ಕಿಟ್‌ನ ತಂಡ ಇದನ್ನೇ ಸಿಎಸ್‌ಎಸ್‌ಗೂ ತಂದಿತು. 2012ರ ಐಓಎಸ್ 6ರಲ್ಲಂತೂ ಮ್ಯೂಸಿಕ್ ಆ್ಯಪ್‌ನ ವಾಲ್ಯೂಮ್ ಗುಂಡಿಯ ಲೋಹದ ಹೊಳಪು ಫೋನ್ ವಾಲಿಸಿದಂತೆ ಬದಲಾಗುತ್ತಿತ್ತು. ಮರುವರ್ಷವೇ ಐಓಎಸ್ 7 ಬಂದು ಎಲ್ಲವನ್ನೂ ಚಪ್ಪಟೆ ಮಾಡಿತು. 2025ರಲ್ಲಿ ಲಿಕ್ವಿಡ್ ಗ್ಲಾಸ್ ಹೆಸರಿನಲ್ಲಿ ಹೊಳಪು ಮತ್ತೆ ಬಂದಿದೆ. ಫ್ಯಾಷನ್ ಬರುತ್ತದೆ, ಹೋಗುತ್ತದೆ. ನಮಗೆ ಬೇಕಾದ್ದು ತಂತ್ರ.

ಉದಾಹರಣೆಗೆ ಒಂದು ಮ್ಯೂಸಿಕ್ ಪ್ಲೇಯರ್‌ನ ಮೂರು ಬಟನ್‌ಗಳನ್ನು ತೆಗೆದುಕೊಳ್ಳೋಣ: ಹಿಂದಿನ ಹಾಡು, ಪ್ಲೇ, ಮುಂದಿನ ಹಾಡು. ಪ್ಲೇ ಬಟನ್ ದೊಡ್ಡದು, 64 ಪಿಕ್ಸೆಲ್ ಎತ್ತರ. ಉಳಿದೆರಡು 48 ಪಿಕ್ಸೆಲ್.

ಒಂದು ಮಾತು. ಇಲ್ಲಿ ಪ್ರಾಪರ್ಟಿಗಳ ಹೆಸರನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಅವನ್ನು ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲೇ ಟೈಪ್ ಮಾಡಬೇಕು. ಪಿಕ್ಸೆಲ್ ಅಂತ ಇರುವಲ್ಲಿ ಪಿಎಕ್ಸ್ ಎಂಬ ಎರಡಕ್ಷರ ಸಾಕು. ಸಾಲಿನ ಕೊನೆಗೆ ಸೆಮಿಕೋಲನ್, ನಿಯಮದ ಸುತ್ತ ಪುಷ್ಪಾವರಣ ನೀವೇ ಹಾಕಿಕೊಳ್ಳಿ. ಆದರೆ ಕ್ಲಾಸ್ ಮತ್ತು ಐಡಿ ಹೆಸರುಗಳನ್ನು ನಿಜವಾಗಿಯೂ ಕನ್ನಡದಲ್ಲೇ ಇಡಬಹುದು, ಸಿಎಸ್‌ಎಸ್ ಅದನ್ನು ಒಪ್ಪುತ್ತದೆ. ಫೈಲನ್ನು ಯುಟಿಎಫ್-8ರಲ್ಲಿ ಸೇವ್ ಮಾಡಿದ್ದರೆ ಸಾಕು. ಹಾಗಾಗಿ ನಮ್ಮ ಕ್ಲಾಸ್‌ಗಳು: ನೆಲ, ಕಟ್ಟೆ, ಸಾಲು, ಗುಂಡಿ.

ಹಂತ 1: ಮೊದಲು ನೆಲ ಹಾಕಿ

ಬಟನ್ ಬರೆಯುವ ಮೊದಲು ಹಿನ್ನೆಲೆ ಸರಿಮಾಡಿಕೊಳ್ಳಿ. ಪ್ರತಿಬಿಂಬಕ್ಕೆ ಕಡು ಬಣ್ಣದ ನೆಲ ಚೆನ್ನಾಗಿ ಒಗ್ಗುತ್ತದೆ. ಬಿಳಿ ಹಿನ್ನೆಲೆಯಲ್ಲೂ ಮಾಡಬಹುದು, ಆದರೆ ಅಲ್ಲಿ ತುಂಬ ತೆಳುವಾಗಿ ಹಾಕಬೇಕು. ಇಲ್ಲದಿದ್ದರೆ ಕಲೆಯ ಹಾಗೆ ಕಾಣುತ್ತದೆ.

.ನೆಲ
ಬ್ಯಾಕ್‌ಗ್ರೌಂಡ್: ಲೀನಿಯರ್-ಗ್ರೇಡಿಯಂಟ್(ಟು ಬಾಟಮ್, ಆರ್‌ಜಿಬಿ(38 42 50), ಆರ್‌ಜಿಬಿ(20 22 28))
ಪ್ಯಾಡಿಂಗ್: 48 ಪಿಕ್ಸೆಲ್ 24 ಪಿಕ್ಸೆಲ್

ಹಿನ್ನೆಲೆಯಲ್ಲಿ ಫೋಟೋ, ಗೆರೆ, ಚಿತ್ತಾರ ಬೇಡ. ಚಿತ್ತಾರದ ಮೇಲೆ ಬಿದ್ದ ಪ್ರತಿಬಿಂಬವನ್ನು ಕಣ್ಣು ನಂಬುವುದಿಲ್ಲ. ನಿಮ್ಮ ಪೇಜ್‌ನ ಹಿನ್ನೆಲೆ ಅಂಥದ್ದೇ ಆಗಿದ್ದರೆ ಈ ಎಫೆಕ್ಟ್ ಬಿಟ್ಟುಬಿಡುವುದೇ ಒಳ್ಳೆಯದು.

ಹಂತ 2: ಎಚ್‌ಟಿಎಂಎಲ್ ಕಟ್ಟುವುದು

ಹೊರಗಡೆ ನೆಲ. ಅದರೊಳಗೆ ಕಟ್ಟೆ. ಕಟ್ಟೆಯೊಳಗೆ ಸಾಲು. ಸಾಲಿನೊಳಗೆ ಮೂರು ಗುಂಡಿ. ನೆಲ, ಕಟ್ಟೆ, ಸಾಲು ಮೂರೂ ಡಿವ್. ಗುಂಡಿಗಳಿಗೆ ನಿಜವಾದ ಬಟನ್ ಟ್ಯಾಗನ್ನೇ ಬಳಸಿ. ಸಾಲಿಗೆ ಒಂದು ಐಡಿಯನ್ನೂ ಕೊಡಿ, ಉದಾಹರಣೆಗೆ ಹಾಡುಸಾಲು. ಫೈರ್‌ಫಾಕ್ಸ್‌ಗೆ ಅದು ಬೇಕಾಗುತ್ತದೆ.

ಇಷ್ಟೊಂದು ಡಿವ್ ಯಾಕೆ, ಪ್ರತಿ ಬಟನ್‌ಗೂ ನೇರವಾಗಿ ಪ್ರತಿಬಿಂಬ ಹಾಕಿದರೆ ಆಗದೇ ಅಂತ ಕೇಳಬಹುದು. ಆಗುತ್ತದೆ. ಆದರೆ ಆಗ ಪ್ರತಿ ಬಟನ್‌ಗೂ ಅದರದೇ ಒಂದು ನೆಲ ಹುಟ್ಟಿಕೊಳ್ಳುತ್ತದೆ. ನಮ್ಮ ಮೂರು ಬಟನ್‌ಗಳು ಬೇರೆ ಬೇರೆ ಎತ್ತರದವು. ಅವನ್ನು ಅಡ್ಡಸಾಲಿನ ಮಧ್ಯಕ್ಕೆ ಜೋಡಿಸಿದರೆ ಪ್ಲೇ ಬಟನ್‌ನ ತಳ ಕೆಳಗಿರುತ್ತದೆ, ಪಕ್ಕದವುಗಳ ತಳ 8 ಪಿಕ್ಸೆಲ್ ಮೇಲಿರುತ್ತದೆ. ಒಂದೊಂದರ ಪ್ರತಿಬಿಂಬ ಒಂದೊಂದು ಮಟ್ಟದಲ್ಲಿ ಶುರುವಾಗುತ್ತದೆ. ನೋಡಿದವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ, ಏನು ಅಂತ ಹೇಳಲು ಬರುವುದಿಲ್ಲ. ಪ್ರತಿಬಿಂಬವನ್ನು ಇಡೀ ಸಾಲಿಗೆ ಹಾಕಿದರೆ ಸಾಲಿನ ಕೆಳಗಿನ ಅಂಚೇ ಎಲ್ಲಕ್ಕೂ ನೆಲವಾಗುತ್ತದೆ. ತೇಲುವ ಬಟನ್‌ನ ಪ್ರತಿಬಿಂಬ ತಾನಾಗಿಯೇ ಅಷ್ಟು ಕೆಳಗೆ ಹೋಗುತ್ತದೆ. ನನ್ನ ಆಯ್ಕೆ ಕೇಳಿದರೆ, ಎಲ್ಲವನ್ನೂ ತಳಕ್ಕೇ ಕೂರಿಸಿಬಿಡಿ.

.ಸಾಲು
ಡಿಸ್‌ಪ್ಲೇ: ಫ್ಲೆಕ್ಸ್
ಜಸ್ಟಿಫೈ-ಕಂಟೆಂಟ್: ಸೆಂಟರ್
ಅಲೈನ್-ಐಟಮ್ಸ್: ಫ್ಲೆಕ್ಸ್-ಎಂಡ್
ಗ್ಯಾಪ್: 16 ಪಿಕ್ಸೆಲ್
ಪ್ಯಾಡಿಂಗ್-ಬಾಟಮ್: 0

.ಕಟ್ಟೆ
ಪೊಸಿಷನ್: ರಿಲೇಟಿವ್
ಮಾರ್ಜಿನ್-ಬಾಟಮ್: 40 ಪಿಕ್ಸೆಲ್

ಪ್ಯಾಡಿಂಗ್-ಬಾಟಮ್ ಸೊನ್ನೆ ಇರಲೇಬೇಕು. ಅಲ್ಲಿ 10 ಪಿಕ್ಸೆಲ್ ಇದ್ದರೆ ಬಟನ್ ಮತ್ತು ಪ್ರತಿಬಿಂಬದ ನಡುವೆ 20 ಪಿಕ್ಸೆಲ್ ಖಾಲಿ ಬೀಳುತ್ತದೆ, ಬಟನ್ ಗಾಳಿಯಲ್ಲಿ ನಿಂತ ಹಾಗಾಗುತ್ತದೆ. ಕಟ್ಟೆಯ ಕೆಳಗೆ 40 ಪಿಕ್ಸೆಲ್ ಮಾರ್ಜಿನ್ ಕೊಟ್ಟದ್ದೂ ಸುಮ್ನೆ ಅಲ್ಲ. ಪ್ರತಿಬಿಂಬ ಲೇಔಟ್‌ನಲ್ಲಿ ಜಾಗ ಹಿಡಿಯುವುದಿಲ್ಲ. ಕೆಳಗಿರುವ ಹಾಡಿನ ಹೆಸರೋ ಸಮಯದ ಪಟ್ಟಿಯೋ ಬಂದು ನೇರ ಅದರ ಮೇಲೇ ಕೂರುತ್ತದೆ. ಆ ಜಾಗವನ್ನು ನಾವೇ ಬಿಡಬೇಕು.

ಹಂತ 3: ಆ ಒಂದು ಸಾಲು

.ಸಾಲು
-ವೆಬ್‌ಕಿಟ್-ಬಾಕ್ಸ್-ರಿಫ್ಲೆಕ್ಟ್: ಬಿಲೋ 1 ಪಿಕ್ಸೆಲ್ ಲೀನಿಯರ್-ಗ್ರೇಡಿಯಂಟ್(ಟು ಬಾಟಮ್, ಟ್ರಾನ್ಸ್‌ಪರೆಂಟ್ 50%, ಆರ್‌ಜಿಬಿ(0 0 0 / 0.3) 100%)

ಇದರಲ್ಲಿ ಮೂರು ಭಾಗ ಇವೆ. ಬಿಲೋ ಅಂದರೆ ಪ್ರತಿಬಿಂಬ ಕೆಳಗೆ ಬರಲಿ ಅಂತ. ಅಬವ್, ಲೆಫ್ಟ್, ರೈಟ್ ಕೂಡ ಇವೆ, ಅವುಗಳ ಉಪಯೋಗ ಅಪರೂಪ. ಎರಡನೆಯದು ಅಂತರ. ವಸ್ತು ನೆಲಕ್ಕೆ ತಾಗಿ ಕೂತಿದ್ದರೆ 0 ಅಥವಾ 1 ಪಿಕ್ಸೆಲ್ ಸಾಕು. ಮೂರನೆಯದು ಮಾಸ್ಕ್, ಅಂದರೆ ಎಲ್ಲಿ ಎಷ್ಟು ಕಾಣಬೇಕು ಎಂಬ ಲೆಕ್ಕ. ಮಾಸ್ಕ್‌ನಲ್ಲಿ ಬಣ್ಣ ಯಾವುದಾದರೂ ನಡೆಯುತ್ತದೆ, ಪಾರದರ್ಶಕತೆ ಮಾತ್ರ ಮುಖ್ಯ.

ಜನ ಎಡವುವುದು ಈ ಮಾಸ್ಕ್‌ನ ದಿಕ್ಕಿನಲ್ಲಿ. ಪ್ರತಿಬಿಂಬ ಬಟನ್ ಹತ್ತಿರ ಗಾಢವಾಗಿ, ಕೆಳಗೆ ಹೋದಂತೆ ಮಾಯವಾಗಬೇಕು. ಹಾಗಾದರೆ ಗ್ರೇಡಿಯಂಟ್ ಮೇಲಿನಿಂದ ಗಾಢವಾಗಿ ಶುರುವಾಗಬೇಕು ಅಲ್ವಾ? ಇಲ್ಲ, ಉಲ್ಟಾ. ಬ್ರೌಸರ್ ಮಾಸ್ಕನ್ನು ಮೂಲ ಸಾಲಿನ ಮೇಲೆ ಇಟ್ಟ ಹಾಗೆ ಲೆಕ್ಕ ಹಾಕಿ, ಚಿತ್ರದ ಜೊತೆಗೇ ಅದನ್ನೂ ತಲೆಕೆಳಗು ಮಾಡುತ್ತದೆ. ಹಾಗಾಗಿ ಗ್ರೇಡಿಯಂಟ್‌ನ ಕೆಳತುದಿ ಪ್ರತಿಬಿಂಬದಲ್ಲಿ ಮೇಲೆ ಬರುತ್ತದೆ. ಮೇಲಿನ ಸಾಲಿನಲ್ಲಿ 100% ಇರುವ ಕಡೆ 0.3 ಹಾಕಿದ್ದು ಅದಕ್ಕೇ. ನಿಮ್ಮ ಪ್ರತಿಬಿಂಬ ಬಟನ್ ಹತ್ತಿರ ಮಾಯವಾಗಿ ದೂರದಲ್ಲಿ ಎದ್ದು ಕಾಣುತ್ತಿದ್ದರೆ ಎರಡು ತುದಿಗಳನ್ನು ಅದಲುಬದಲು ಮಾಡಿ, ಅಷ್ಟೇ.

ಎಷ್ಟು ಗಾಢ ಇರಬೇಕು? ಹಳೇ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಹಿತ್ತಾಳೆ ಚೊಂಬು ಇಟ್ಟದ್ದನ್ನು ನೆನಪಿಸಿಕೊಳ್ಳಿ. ತಳ ತಾಗಿದಲ್ಲಿ ಚೊಂಬು ಸ್ಪಷ್ಟವಾಗಿ ಕಾಣುತ್ತದೆ, ಕುತ್ತಿಗೆ ಬರುವಷ್ಟರಲ್ಲಿ ಬರೀ ಬಣ್ಣ ಉಳಿದಿರುತ್ತದೆ. ಕಡು ನೆಲದಲ್ಲಿ ಶುರುವಿನ ಗಾಢತೆ 0.25ರಿಂದ 0.35, ತಿಳಿ ನೆಲದಲ್ಲಿ 0.12ರಿಂದ 0.18 ಇಟ್ಟು ನೋಡಿ. ಅರ್ಧ ಎತ್ತರ ತಲುಪುವಷ್ಟರಲ್ಲಿ ಪೂರ್ತಿ ಮಾಯವಾಗಲಿ. 0.5 ದಾಟಿದರೆ ಎರಡು ಸಾಲು ಬಟನ್ ಇದ್ದ ಹಾಗೆ ಕಾಣುತ್ತದೆ, ಜನ ಕೆಳಗಿನದನ್ನು ಒತ್ತಲು ಹೋಗುತ್ತಾರೆ. ಒತ್ತಿದರೆ ಏನೂ ಆಗುವುದಿಲ್ಲ, ಪ್ರತಿಬಿಂಬಕ್ಕೆ ಕ್ಲಿಕ್ ತಾಗುವುದಿಲ್ಲ.

ಈ ಪ್ರಾಪರ್ಟಿಯ ದೊಡ್ಡ ಗುಣ ಅಂದರೆ ಅದು ಜೀವಂತ. ಪ್ಲೇ ಐಕಾನ್ ಹೋಗಿ ಹಾಡು ನಿಲ್ಲಿಸುವ ಪಾಜ್ ಐಕಾನ್ ಬಂದರೆ ಪ್ರತಿಬಿಂಬದಲ್ಲೂ ಬದಲಾಗುತ್ತದೆ. ವಿಡಿಯೋ ಓಡುತ್ತಿದ್ದರೆ ಕೆಳಗೂ ಓಡುತ್ತದೆ. ಜಾವಾಸ್ಕ್ರಿಪ್ಟ್ ಒಂದಕ್ಷರ ಬೇಡ. ಆದರೆ ಇದು ಅಧಿಕೃತ ಸ್ಟ್ಯಾಂಡರ್ಡ್ ಆಗಲೇ ಇಲ್ಲ. ಕ್ರೋಮ್, ಎಡ್ಜ್, ಸಫಾರಿಗಳಲ್ಲಿ ವೆಬ್‌ಕಿಟ್ ಎಂಬ ಮುನ್ನುಡಿಯ ಜೊತೆಗೆ ನಡೆಯುತ್ತದೆ. ಫೈರ್‌ಫಾಕ್ಸ್‌ನಲ್ಲಿ ಇಲ್ಲ.

ಹಂತ 4: ನೆರಳು ಮತ್ತು ಫೋಕಸ್ ರಿಂಗ್

ಬಟನ್‌ಗೆ ಬಾಕ್ಸ್-ಶ್ಯಾಡೋ ಇದೆಯಾ? ಕೆಳಗೆ ಬೀಳುವ ನೆರಳಾದರೆ ತೆಗೆಯಿರಿ. ನುಣುಪು ನೆಲದ ಮೇಲೆ ಕೂತ ವಸ್ತುವಿಗೆ ಗಾಳಿಯಲ್ಲಿ ತೇಲುವ ವಸ್ತುವಿನ ನೆರಳು ಹೊಂದುವುದಿಲ್ಲ. ಜೊತೆಗೆ ತಾಗುವ ಗೆರೆ ಕೊಳಕಾಗಿ ಕಾಣುತ್ತದೆ. ಬಟನ್ ಒಳಗಿನ ಹೊಳಪಿಗೆ ಇನ್‌ಸೆಟ್ ಶ್ಯಾಡೋ ಹಾಕಿಕೊಳ್ಳಬಹುದು.

ಕೀಬೋರ್ಡ್ ಬಳಸುವವರಿಗೆ ಕಾಣುವ ಫೋಕಸ್ ರಿಂಗನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಅದು ಬಟನ್‌ನ ಹೊರಗೆ ಬಂದರೆ ನೆಲದೊಳಗೆ ಇಳಿದು ಪ್ರತಿಬಿಂಬದ ಮೇಲೆ ಬೀಳುತ್ತದೆ. ಅದಕ್ಕೆ ಉಪಾಯ ಸುಲಭ. ಔಟ್‌ಲೈನ್-ಆಫ್‌ಸೆಟ್‌ಗೆ -4 ಪಿಕ್ಸೆಲ್ ಕೊಟ್ಟರೆ ರಿಂಗ್ ಬಟನ್‌ನ ಒಳಗೇ ಬರುತ್ತದೆ. ರಿಂಗ್‌ನ ಬಣ್ಣ ಬಟನ್ ಬಣ್ಣದಿಂದ ಬೇರೆಯಾಗಿ ಎದ್ದು ಕಾಣಬೇಕು. ಇಂಥ ಗುರುತುಗಳಿಗೆ ಡಬ್ಲ್ಯುಸಿಎಜಿ (ವೆಬ್ ಎಲ್ಲರಿಗೂ ಬಳಸಲು ಆಗಬೇಕು ಅಂತ ಮಾಡಿದ ಮಾರ್ಗಸೂಚಿ) ಕೇಳುವ ಕಾಂಟ್ರಾಸ್ಟ್ ಕನಿಷ್ಠ 3:1.

ಟೂಲ್‌ಟಿಪ್ ಅಥವಾ ಮೆನು ಸಾಲಿನ ಒಳಗೇ ಇದ್ದರೆ ಅದೂ ಪ್ರತಿಬಿಂಬದಲ್ಲಿ ಸೇರಿಕೊಳ್ಳುತ್ತದೆ. ಅವನ್ನು ಸಾಲಿನಿಂದ ಹೊರಗಿಡಿ.

ಹಂತ 5: ಮೌಸ್ ಇಟ್ಟಾಗ, ಒತ್ತಿದಾಗ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮಜಾ ಇರುವುದು ಇಲ್ಲೇ. ಮೌಸ್ ಇಟ್ಟಾಗ ಬಟನ್ 4 ಪಿಕ್ಸೆಲ್ ಮೇಲೇಳಲಿ ಅಂದುಕೊಳ್ಳಿ.

.ಗುಂಡಿ
ಟ್ರಾನ್ಸಿಷನ್: ಟ್ರಾನ್ಸ್‌ಫಾರ್ಮ್ 150 ಮಿಲಿಸೆಕೆಂಡ್ ಈಸ್-ಔಟ್

.ಗುಂಡಿ:ಹೋವರ್
ಟ್ರಾನ್ಸ್‌ಫಾರ್ಮ್: ಟ್ರಾನ್ಸ್‌ಲೇಟ್‌ವೈ(-4 ಪಿಕ್ಸೆಲ್)

.ಗುಂಡಿ:ಆ್ಯಕ್ಟಿವ್
ಟ್ರಾನ್ಸ್‌ಫಾರ್ಮ್: ಟ್ರಾನ್ಸ್‌ಲೇಟ್‌ವೈ(0)

ಪ್ರತಿಬಿಂಬವನ್ನು ಬಟನ್‌ಗೇ ಹಾಕಿದ್ದರೆ ಬಟನ್ ಮೇಲೆದ್ದಾಗ ಪ್ರತಿಬಿಂಬವೂ ಜೊತೆಗೇ ಮೇಲೇಳುತ್ತಿತ್ತು. ಅಂದರೆ ನೆಲವೇ ಎದ್ದ ಹಾಗೆ! ನಿಜ ಜಗತ್ತಿನಲ್ಲಿ ವಸ್ತುವನ್ನು ಎತ್ತಿದರೆ ಪ್ರತಿಬಿಂಬ ಅಷ್ಟೇ ಕೆಳಗಿಳಿಯುತ್ತದೆ. ನಾವು ಪ್ರತಿಬಿಂಬವನ್ನು ಸಾಲಿಗೆ ಹಾಕಿ, ಟ್ರಾನ್ಸ್‌ಫಾರ್ಮನ್ನು ಗುಂಡಿಗೆ ಹಾಕಿದ್ದರಿಂದ ಇದು ಪುಕ್ಕಟೆಯಾಗಿ ಸಿಗುತ್ತದೆ. ಬಟನ್ 4 ಮೇಲೆ, ಪ್ರತಿಬಿಂಬ 4 ಕೆಳಗೆ, ನಡುವೆ 8 ಪಿಕ್ಸೆಲ್ ಬಿರುಕು. ಒತ್ತಿದ ಕೂಡಲೇ ಎರಡೂ ಬಂದು ಮತ್ತೆ ತಾಗುತ್ತವೆ. ಇದನ್ನು ಒಮ್ಮೆ ಮಾಡಿ ನೋಡಿದರೆ ಬಟನ್‌ಗೆ ತೂಕ ಬಂದ ಹಾಗೆ ಅನಿಸುತ್ತದೆ. ಬೇರೆ ಹೊಳಪು ಏನೂ ಬೇಡ.

4ರ ಬದಲು 12 ಪಿಕ್ಸೆಲ್ ಎತ್ತುವ ಆಸೆ ಬಂದರೆ ತಡೆದುಕೊಳ್ಳಿ. ಅಂತರ 24 ಆಗುತ್ತದೆ, ಅಷ್ಟು ದೂರದಲ್ಲಿ ಮಾಸ್ಕ್ ಪ್ರತಿಬಿಂಬವನ್ನು ಬಹುಪಾಲು ನುಂಗಿರುತ್ತದೆ.

ಹಂತ 6: ಫೈರ್‌ಫಾಕ್ಸ್‌ಗೆ ಬೇರೆ ದಾರಿ

ಫೈರ್‌ಫಾಕ್ಸ್‌ನಲ್ಲಿ ಇನ್ನೊಂದು ವಿಶೇಷ ಇದೆ, ಅದು ಬೇರೆ ಬ್ರೌಸರ್‌ಗಳಲ್ಲಿಲ್ಲ. ಮಾಜ್-ಎಲಿಮೆಂಟ್ ಎಂಬ ಫಂಕ್ಷನ್ ಪೇಜ್‌ನ ಯಾವ ಭಾಗವನ್ನಾದರೂ ಇನ್ನೊಂದರ ಹಿನ್ನೆಲೆ ಚಿತ್ರವನ್ನಾಗಿ ಬಳಸಲು ಬಿಡುತ್ತದೆ. ಇದೂ ಜೀವಂತ, ಮೂಲ ಬದಲಾದರೆ ಚಿತ್ರವೂ ಬದಲಾಗುತ್ತದೆ. ಕಟ್ಟೆಯ ಆಫ್ಟರ್ ಎಂಬ ಸೂಡೋ ಎಲಿಮೆಂಟ್‌ನಲ್ಲಿ (ಎಚ್‌ಟಿಎಂಎಲ್‌ನಲ್ಲಿ ಬರೆಯದೆ ಸಿಎಸ್‌ಎಸ್‌ನಿಂದಲೇ ಹುಟ್ಟಿಸುವ ಭಾಗ) ಸಾಲಿನ ಚಿತ್ರ ತುಂಬಿ ತಲೆಕೆಳಗು ಮಾಡೋಣ.

@ಸಪೋರ್ಟ್ಸ್ ನಾಟ್ (-ವೆಬ್‌ಕಿಟ್-ಬಾಕ್ಸ್-ರಿಫ್ಲೆಕ್ಟ್: ಬಿಲೋ)
.ಕಟ್ಟೆ::ಆಫ್ಟರ್
ಕಂಟೆಂಟ್: ಖಾಲಿ ಉದ್ಧರಣ ಚಿಹ್ನೆ
ಪೊಸಿಷನ್: ಆ್ಯಬ್ಸಲ್ಯೂಟ್
ಟಾಪ್: 100%
ಲೆಫ್ಟ್: 0
ವಿಡ್ತ್: 100%
ಹೈಟ್: 100%
ಬ್ಯಾಕ್‌ಗ್ರೌಂಡ್: -ಮಾಜ್-ಎಲಿಮೆಂಟ್(#ಹಾಡುಸಾಲು) ನೋ-ರಿಪೀಟ್
ಟ್ರಾನ್ಸ್‌ಫಾರ್ಮ್: ಸ್ಕೇಲ್‌ವೈ(-1)
ಮಾಸ್ಕ್-ಇಮೇಜ್: ಹಂತ 3ರ ಅದೇ ಲೀನಿಯರ್-ಗ್ರೇಡಿಯಂಟ್
ಪಾಯಿಂಟರ್-ಇವೆಂಟ್ಸ್: ನನ್

ಗ್ರೇಡಿಯಂಟ್‌ನಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ. ಬ್ರೌಸರ್ ಮೊದಲು ಮಾಸ್ಕ್ ಹಾಕುತ್ತದೆ, ಆಮೇಲೆ ಟ್ರಾನ್ಸ್‌ಫಾರ್ಮ್ ಮಾಡುತ್ತದೆ. ಹಾಗಾಗಿ ಇಲ್ಲೂ ಮಾಸ್ಕ್ ತಲೆಕೆಳಗಾಗುತ್ತದೆ.

ಆಫ್ಟರನ್ನು ಸಾಲಿಗೇ ಯಾಕೆ ಹಾಕಲಿಲ್ಲ ಎಂದರೆ, ಆಗ ಸಾಲು ತನ್ನೊಳಗೆ ತನ್ನದೇ ಚಿತ್ರವನ್ನು ಬಿಡಿಸಬೇಕಾಗುತ್ತದೆ. ಅದು ಮುಗಿಯದ ಸುತ್ತು, ಬ್ರೌಸರ್ ಅದನ್ನು ಬಿಡಿಸುವುದಿಲ್ಲ. ಕಟ್ಟೆ ಎಂಬ ಹೆಚ್ಚುವರಿ ಡಿವ್ ಬಂದದ್ದು ಇದೇ ಕಾರಣಕ್ಕೆ. ಕ್ರೋಮ್‌ನಲ್ಲಿ ಈ ಭಾಗ ಓಡುವುದೇ ಇಲ್ಲ, ಸಪೋರ್ಟ್ಸ್ ಎಂಬ ಷರತ್ತು ತಡೆಯುತ್ತದೆ. ಎರಡೂ ಗೊತ್ತಿಲ್ಲದ ಬ್ರೌಸರ್‌ನಲ್ಲಿ ಬರೀ ಬಟನ್ ಕಾಣುತ್ತದೆ. ಅದರಿಂದ ನಷ್ಟವೇನೂ ಇಲ್ಲ.

ಕಾಪಿ ಮಾಡುವ ದಾರಿ, ಯಾವಾಗ ಮತ್ತು ಯಾಕೆ ಬೇಡ

ಜಾವಾಸ್ಕ್ರಿಪ್ಟ್‌ನ ಕ್ಲೋನ್‌ನೋಡ್ ಬಳಸಿ ಬಟನ್‌ನ ನಿಜವಾದ ಕಾಪಿ ಮಾಡಿ ಕೆಳಗೆ ತಿರುಗಿಸಿ ಇಡುವ ವಿಧಾನವನ್ನು ಹಲವರು ಹೇಳುತ್ತಾರೆ. ಅದರ ಒಂದೇ ಲಾಭ ಎಂದರೆ ಪ್ರತಿಬಿಂಬಕ್ಕೆ ಮಾತ್ರ ಬೇರೆ ಫಿಲ್ಟರ್ ಹಾಕಬಹುದು. ಒಂದು ಪಿಕ್ಸೆಲ್ ಬ್ಲರ್ ಕೊಟ್ಟರೆ ನೆಲ ಸ್ವಲ್ಪ ಒರಟು ಅನಿಸುತ್ತದೆ, ಚೆನ್ನಾಗೇ ಕಾಣುತ್ತದೆ. ಬಾಕ್ಸ್-ರಿಫ್ಲೆಕ್ಟ್‌ನಲ್ಲಿ ಪ್ರತಿಬಿಂಬವನ್ನಷ್ಟೇ ಬ್ಲರ್ ಮಾಡಲು ಆಗುವುದಿಲ್ಲ.

ಆದರೆ ಕಾಪಿ ತರುವ ತಲೆನೋವು ಜಾಸ್ತಿ. ಒಂದೇ ಐಡಿ ಎರಡು ಕಡೆ ಬರುತ್ತದೆ. ಟ್ಯಾಬ್ ಒತ್ತಿದರೆ ಫೋಕಸ್ ಕಾಪಿಗೂ ಹೋಗುತ್ತದೆ. ಸ್ಕ್ರೀನ್ ರೀಡರ್ ಪ್ರತಿ ಬಟನ್ನನ್ನೂ ಎರಡು ಸಲ ಓದುತ್ತದೆ. ಕ್ಯಾನ್ವಾಸ್ ಇದ್ದರೆ ಕಾಪಿಯಲ್ಲಿ ಖಾಲಿ ಬರುತ್ತದೆ. ರೇಡಿಯೋ ಬಟನ್ ಆದರಂತೂ ಇನ್ನೂ ಕೆಟ್ಟದ್ದು: ಒಂದೇ ನೇಮ್ ಇರುವ ರೇಡಿಯೋಗಳಲ್ಲಿ ಒಂದೇ ಆಯ್ಕೆಯಾಗಿರಲು ಸಾಧ್ಯ, ಹಾಗಾಗಿ ಆಯ್ಕೆಯಾದ ಬಟನ್‌ನ ಕಾಪಿ ಬಂದ ಕೂಡಲೇ ಮೂಲದ ಆಯ್ಕೆ ಹಾರಿಹೋಗಬಹುದು. ಮಾಡಲೇಬೇಕು ಅಂದರೆ ಕಾಪಿಯ ಐಡಿ, ನೇಮ್, ಫಾರ್ ಮೂರನ್ನೂ ಕಿತ್ತುಹಾಕಿ, ಹೊರಗಿನ ಡಿವ್‌ಗೆ ಇನರ್ಟ್ ಮತ್ತು ಆರಿಯಾ-ಹಿಡನ್ ಕೊಡಿ. ಬದಲಾಗದ ಲೋಗೋ, ಚಿತ್ರಗಳಿಗಷ್ಟೇ ಇದನ್ನು ಬಳಸಿ.

ಯಾವ ಕಂಟ್ರೋಲ್‌ಗೆ ಬೇಡ

ಟೈಪ್ ಮಾಡುವ ಬಾಕ್ಸ್‌ಗೆ ಪ್ರತಿಬಿಂಬ ಬೇಡ. ಅಕ್ಷರ ಹೊಡೆದಂತೆಲ್ಲ ಕೆಳಗೂ ಅಕ್ಷರ ಕುಣಿಯುತ್ತಿದ್ದರೆ ಬರೆಯುವವರ ಗಮನ ಹಾಳು. ತಪ್ಪಿನ ಸಂದೇಶ ಬರುವ ಜಾಗವೂ ಅದೇ. ಚೆಕ್‌ಬಾಕ್ಸ್, ಡ್ರಾಪ್‌ಡೌನ್‌ಗಳಿಗೂ ಬೇಡ. ಉದ್ದ ಪಟ್ಟಿಯ ಪ್ರತಿ ಸಾಲಿಗೂ ಹಾಕುವುದಂತೂ ಬೇಡವೇ ಬೇಡ. ಮ್ಯೂಸಿಕ್ ಪ್ಲೇಯರ್, ಗೇಮ್‌ನ ಮೆನು, ಫೋಟೋ ಗ್ಯಾಲರಿ, ಅಂಗಡಿಯಲ್ಲಿಡುವ ಟಚ್ ಸ್ಕ್ರೀನ್‌ಗಳಂಥ ಕಡೆ ಒಂದು ಸಾಲಿಗೆ ಮಾತ್ರ ಹಾಕಿ.

ಬಟನ್ ಮೇಲೆ ಕನ್ನಡ ಬರಹ ಇದ್ದರೆ ಇನ್ನೊಂದು ವಿಷಯ. ‘ಪಟ್ಟಿ’, ‘ಮುಂದಕ್ಕೆ’ ಇಂಥ ಪದಗಳ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಇಂಗ್ಲಿಷ್‌ಗೆ ಅಂತ ಇಟ್ಟ ಬಿಗಿ ಲೈನ್-ಹೈಟ್‌ನಲ್ಲಿ ಒತ್ತು ಬಟನ್‌ನ ಅಂಚಿಗೆ ಬಂದು ಅಂಟುತ್ತದೆ. ಪ್ರತಿಬಿಂಬ ಶುರುವಾಗುವುದೂ ಅಲ್ಲೇ. ಒತ್ತು ಮತ್ತು ಅದರ ಪ್ರತಿಬಿಂಬ ಎರಡೂ ಸೇರಿ ಗಂಟಾಗುತ್ತವೆ. ಲೈನ್-ಹೈಟನ್ನು 1.6ಕ್ಕೆ ಏರಿಸಿ, ಕೆಳಗಿನ ಪ್ಯಾಡಿಂಗ್ ಸ್ವಲ್ಪ ಜಾಸ್ತಿ ಮಾಡಿದರೆ ಬಿಡಿಬಿಡಿಯಾಗಿ ಕಾಣುತ್ತದೆ.

ಹಂತ 7: ಬೇಡದವರಿಗೆ ಆಫ್ ಮಾಡುವುದು

ಪ್ರತಿಬಿಂಬ ಬರೀ ಅಲಂಕಾರ. ಕಣ್ಣಿಗೆ ಕಷ್ಟವಾಗುವವರಿಗೆ ಅದು ತೊಂದರೆ ಕೊಡಬಾರದು. ಮೂರು ಮೀಡಿಯಾ ಷರತ್ತುಗಳಲ್ಲಿ ಬಾಕ್ಸ್-ರಿಫ್ಲೆಕ್ಟನ್ನು ನನ್ ಮಾಡಿ, ಆಫ್ಟರ್‌ನ ಡಿಸ್‌ಪ್ಲೇಯನ್ನೂ ನನ್ ಮಾಡಿ: ಫೋರ್ಸ್ಡ್-ಕಲರ್ಸ್ ಆ್ಯಕ್ಟಿವ್ ಇದ್ದಾಗ, ಪ್ರಿಫರ್ಸ್-ಕಾಂಟ್ರಾಸ್ಟ್ ಮೋರ್ ಇದ್ದಾಗ, ಮತ್ತು ಪ್ರಿಂಟ್ ಆಗುವಾಗ. ಪ್ರಿಫರ್ಸ್-ರಿಡ್ಯೂಸ್ಡ್-ಮೋಷನ್ ಇದ್ದವರಿಗೆ ಪ್ರತಿಬಿಂಬ ಇರಲಿ, ಹೋವರ್‌ನ ಏಳುವ ಆಟ ಮಾತ್ರ ನಿಲ್ಲಲಿ.

ಬೇರೆ ಕಡೆ ಕೆಲಸ ಮಾಡುವವರಿಗೆ

ವಿಂಡೋಸ್‌ನ ಡಬ್ಲ್ಯುಪಿಎಫ್‌ನಲ್ಲಿ ವಿಷುವಲ್‌ಬ್ರಶ್ ಇದೇ ಕೆಲಸ ಮಾಡುತ್ತದೆ. ಕಂಟ್ರೋಲ್‌ನ ಕೆಳಗೆ ಅಷ್ಟೇ ಅಳತೆಯ ರೆಕ್ಟ್ಯಾಂಗಲ್ ಇಟ್ಟು, ಅದರ ಫಿಲ್‌ಗೆ ಆ ಕಂಟ್ರೋಲನ್ನು ತೋರಿಸುವ ವಿಷುವಲ್‌ಬ್ರಶ್ ಕೊಡಿ. ಬ್ರಶ್‌ನ ರಿಲೇಟಿವ್‌ಟ್ರಾನ್ಸ್‌ಫಾರ್ಮ್‌ನಲ್ಲಿ ಸ್ಕೇಲ್‌ವೈ -1, ಸೆಂಟರ್‌ವೈ 0.5 ಹಾಕಿ. ರೆಕ್ಟ್ಯಾಂಗಲ್‌ಗೆ ಓಪಾಸಿಟಿಮಾಸ್ಕ್ ಕೊಡಿ, ಈಸ್‌ಹಿಟ್‌ಟೆಸ್ಟ್‌ವಿಸಿಬಲ್‌ಗೆ ಫಾಲ್ಸ್ ಕೊಡಿ. ಇಲ್ಲಿ ತಿರುಗುವುದು ಬ್ರಶ್ ಮಾತ್ರ, ರೆಕ್ಟ್ಯಾಂಗಲ್ ತಿರುಗುವುದಿಲ್ಲ. ಆದ್ದರಿಂದ ಮಾಸ್ಕ್ ವೆಬ್‌ಗಿಂತ ಉಲ್ಟಾ: ಮೇಲೆ ಗಾಢ, ಕೆಳಗೆ ಪಾರದರ್ಶಕ. ಐಫೋನ್‌ನಲ್ಲಿ ಸಿಎ-ರೆಪ್ಲಿಕೇಟರ್-ಲೇಯರ್ ನೋಡಿ. ಇನ್‌ಸ್ಟನ್ಸ್ ಕೌಂಟ್ 2 ಮಾಡಿ, ಎರಡನೆಯದನ್ನು ಟ್ರಾನ್ಸ್‌ಫಾರ್ಮ್‌ನಿಂದ ತಿರುಗಿಸಿ ಕೆಳಗಿಳಿಸಬೇಕು.

ಹಂತ 8: ಪರೀಕ್ಷೆ

ಕ್ರೋಮ್‌ನ ಡೆವ್‌ಟೂಲ್ಸ್‌ನಲ್ಲಿ ರೆಂಡರಿಂಗ್ ಟ್ಯಾಬ್ ತೆರೆಯಿರಿ. ಪೇಂಟ್ ಫ್ಲ್ಯಾಶಿಂಗ್ ಆನ್ ಮಾಡಿ, ಬಟನ್ ಮೇಲೆ ಮೌಸ್ ಆಡಿಸಿ. ಸಾಲಿನ ಸುತ್ತಮುತ್ತ ಮಾತ್ರ ಹಸಿರು ಮಿನುಗಿದರೆ ಸರಿ. ಇಡೀ ಪೇಜ್ ಮಿನುಗಿದರೆ ಏನೋ ದೊಡ್ಡದು ಮತ್ತೆ ಮತ್ತೆ ಪೇಂಟ್ ಆಗುತ್ತಿದೆ ಅಂತ ಅರ್ಥ. ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು ವೇಗವನ್ನು 4 ಪಟ್ಟು ಇಳಿಸಿ ರೆಕಾರ್ಡ್ ಮಾಡಿ. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮ್‌ಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಅದನ್ನು ಮೀರುತ್ತಿದ್ದರೆ ಪ್ರತಿಬಿಂಬದೊಳಗೆ ಓಡುತ್ತಿರುವ ಅನಿಮೇಷನ್ ಕಡಿಮೆ ಮಾಡಿ. ಹಂತ 7ರ ಷರತ್ತುಗಳನ್ನೂ ಅದೇ ರೆಂಡರಿಂಗ್ ಟ್ಯಾಬ್‌ನಲ್ಲಿ ಒಂದೊಂದಾಗಿ ಆನ್ ಮಾಡಿ ನೋಡಬಹುದು, ಸಿಸ್ಟಂ ಸೆಟ್ಟಿಂಗ್ಸ್ ಮುಟ್ಟಬೇಕಾಗಿಲ್ಲ.

ಪ್ರತಿಬಿಂಬ ಎಲ್ಲೋ ಮಧ್ಯದಲ್ಲಿ ಕತ್ತರಿಸಿ ಹೋಗಿದ್ದರೆ ಮೇಲಿನ ಯಾವುದೋ ಡಿವ್‌ನಲ್ಲಿ ಓವರ್‌ಫ್ಲೋ ಹಿಡನ್ ಇರುತ್ತದೆ, ಹುಡುಕಿ ತೆಗೆಯಿರಿ. ಕೊನೆಗೆ ಕಡಿಮೆ ಬೆಲೆಯ ಒಂದು ಆಂಡ್ರಾಯ್ಡ್ ಫೋನ್‌ನಲ್ಲಿ, ಬ್ರೈಟ್‌ನೆಸ್ ಅರ್ಧಕ್ಕಿಳಿಸಿ, ಹಗಲು ಬೆಳಕಿನಲ್ಲಿ ತೆರೆಯಿರಿ. ಅಲ್ಲಿ ಪ್ರತಿಬಿಂಬ ಕಾಣಲೇ ಇಲ್ಲ ಅಂದರೂ ಗಾಢತೆ ಏರಿಸಲು ಹೋಗಬೇಡಿ. ಬಟನ್ ಮೇಲಿನ ಬರಹ ಓದಲು ಆಗುತ್ತಿದೆಯೇ ಅಂತ ಮಾತ್ರ ನೋಡಿ.